ಅಂಕಿ ಸವೆಯೂದಿಲ್ಲ

ಆಳಂದದ ಆ ಕಂಪ್ಯೂಟರ್ ಮಾಸ್ತರರು ಏನು ಹೇಳುವ ಮುಂಚೆಯೂ ಕನ್ನಡಕ ಒರೆಸಿಕೊಂಡು, "ಹೆದರಬ್ಯಾಡ್ರಿ" ಅನ್ನುತ್ತಿದ್ದರು.

ತೀರಿಹೋದ ಅವ್ವ ಹಾಡಿದ ಬೀಸುವ ಪದ ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಹಚ್ಚಿದಷ್ಟೂ ದನಿ ಸವೆದೀತೆಂದು ಅಪ್ಪ ವರ್ಷಕ್ಕೊಮ್ಮೆ ಮಾತ್ರ ಕೇಳಗೊಡುತ್ತಿದ್ದ. ಅದನ್ನು ಮಾಸ್ತರರ ಹತ್ತಿರ ಒಯ್ದೆವು. ಅವರು ಕ್ಯಾಸೆಟ್ಟನ್ನು ಒಮ್ಮೆ ಹಚ್ಚಿ, ಪದವನ್ನು ಕಂಪ್ಯೂಟರಿಗೆ ಇಳಿಸಿಕೊಂಡರು.

"ಇದು ಸೆಕೆಂಡಿಗೆ ಸಾವಿರಾರು ಸಲ ದನಿ ಅಳದು, ಅಂಕಿ ಮಾಡಿ ಇಡ್ತದ, ಕಾಕಾ. ಹೆದರಬ್ಯಾಡ್ರಿ, ಅಂಕಿ ಸವೆಯೂದಿಲ್ಲ."

ಅಪ್ಪ ನನ್ನ ಕಡೆ ತಿರುಗಿದ. "ಖರೇನೇನಲೇ?"

ನಮ್ಮ ಮನೆತನಕ್ಕೇ ಮೊದಲ ಪದವೀಧರ ನಾನು, ಅದೂ ಗಣಿತದಲ್ಲಿ. ಕಂಪ್ಯೂಟರು ತಿಳಿಯದಿದ್ದರೂ ಅಂಕಿ ತಿಳಿಯುತ್ತಿತ್ತು. "ಖರೇ ಅದ, ಅಪ್ಪ" ಅಂದೆ.

"ಹಂಗಾದ್ರ ಇನ್ನೊಮ್ಮೆ ಹಚ್ರಿ, ಸರ" ಅಂದ ಅಪ್ಪ, ಗೋಡೆಗೆ ಒರಗಿ ಕಾಲು ಚಾಚಿ ಕೂತ.

ಮಾಸ್ತರರು ನಾಲ್ಕು ಸಲ ಹಚ್ಚಿದರು. ಮಾತಿಲ್ಲದೆ ನಾಲ್ಕು ಸಲವೂ ಕನ್ನಡಕ ಒರೆಸಿಕೊಂಡರು.