ಬೆಳಕಿನ ಚೂರು, ಮಬ್ಬಿನ ಚೂರು

ಹಳೆಯ ಹತ್ತಿಬಟ್ಟೆ ನೀರಿನಲ್ಲಿ ನೆನೆದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸವಳು ಮಣ್ಣು, ಸ್ವಲ್ಪ ಹೊಗೆ, ಬಹಳ ಜನ ಹೊದ್ದು ಮಲಗಿದ ಮೈಯ ಬಿಸುಪು. ನಿಮ್ಮಲ್ಲಿ ವಯಸ್ಸಾದವರಿಗೆ ಅದು ಗೊತ್ತಿದ್ದೀತು. ಮೊನ್ನೆ ಮೊಮ್ಮಗಳು ಒಲೆ ಒರೆಸುವ ಅರಿವೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಮಧುಗಿರಿಯ ನಮ್ಮ ಮನೆಯ ಪಡಸಾಲೆ ಕಣ್ಣಮುಂದೆ ಬಂತು. ಅಲ್ಲಿ ಕಂಬಕ್ಕೆ ಬೆನ್ನುಕೊಟ್ಟು, ಕಾಲು ನೀಡಿಕೊಂಡು, ತೊಡೆಯ ಮೇಲೆ ಹಳೇ ಬಟ್ಟೆಯ ಚೂರುಗಳ ಕೌದಿ ಹರಡಿ ಕೂತಿದ್ದವಳು ನನ್ನ ಸೋದರತ್ತೆ ಸಿದ್ದಮ್ಮ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಕೆಂಪು ಯಾವುದು, ಹಸಿರು ಯಾವುದು ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ನಮ್ಮ ಬೀದಿಯಲ್ಲಿ ಅವಳಷ್ಟು ಚೆಂದದ ಕೌದಿ ಹೊಲಿಯುವವರು ಇನ್ನೊಬ್ಬರಿರಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಅಮ್ಮ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಹಾಗೆ ಹೇಳಿಕೊಳ್ಳಲು ಇವತ್ತಿಗೂ ಸಂಕೋಚವಾಗುತ್ತದೆ, ಆದರೆ ನಿಜ ಅದೇ. ಜನ ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅವರ ಬಳೆಗಳನ್ನು ನೋಡುತ್ತಾ ನಿಂತಿದ್ದೆ. ತಿಥಿ ಮುಗಿದ ಮೇಲೆ ಅಪ್ಪ ಅಮ್ಮನ ಪೆಟ್ಟಿಗೆ ಇಳಿಸಿ, ಸೀರೆಗಳನ್ನು ಮುತ್ತೈದೆಯರಿಗೆ ಹಂಚಿಬಿಡೋಣ ಎಂದರು. ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಯಾರಿಗೂ ಕೊಡಾಕಿಲ್ಲ ಕಣ್ಲಾ. ಈ ಕೂಸಿಗೆ ಹೊದಿಯಾಕೆ ಮಾಡ್ತೀನಿ." ಅಪ್ಪ ಅಕ್ಕನಿಗೆ ಎದುರಾಡಿದವರಲ್ಲ.

ಮರುದಿನದಿಂದ ಅವಳು ಕತ್ತರಿಸುತ್ತಾ ಹೋದಳು, ನಾನು ಚೂರುಗಳನ್ನು ಎರಡು ಗುಡ್ಡೆ ಮಾಡುತ್ತಾ ಹೋದೆ. ಒಂದು ಬೆಳಕಿನದು, ಇನ್ನೊಂದು ಮಬ್ಬಿನದು. "ಬಣ್ಣ ನೋಡಬ್ಯಾಡ ಕಣಮ್ಮ. ಕಣ್ಣು ಅರ್ಧ ಮುಚ್ಕೊ. ಆಗ ಎಲ್ಡೇ ಕಾಣ್ತವೆ" ಎಂದಳು ಅತ್ತೆ. ನಾನು ರೆಪ್ಪೆ ಕಿರಿದು ಮಾಡಿ ನೋಡಿದೆ. ಅಮ್ಮ ಹಬ್ಬಕ್ಕೆ ಉಡುತ್ತಿದ್ದ ಗಿಣಿಹಸಿರು, ನೀರಿಗೆ ಹೋಗುವಾಗ ಉಡುತ್ತಿದ್ದ ನೀಲಿ, ಎಲ್ಲವೂ ಬಣ್ಣ ಕಳೆದುಕೊಂಡು ಬರೀ ತಿಳಿ, ಬರೀ ಕಡು ಆಗಿಬಿಟ್ಟವು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಅಮ್ಮನ ಸೀರೆಗಳನ್ನು ಆರಿಸಿದೆ. ಕುಂಕುಮದ ಬಣ್ಣದ ಒಂದು ಚೂರು ಮಾತ್ರ ಎಲ್ಲಿಗೂ ಸೇರಲಿಲ್ಲ. ಕೇಳಿದ್ದಕ್ಕೆ ಅತ್ತೆ ಅದನ್ನು ಅಪ್ಪನ ಹಳೇ ಪಂಚೆಯ ಪಕ್ಕ ಇಟ್ಟಳು, ಕಪ್ಪಗೆ ಕಂಡಿತು. ನೀಲಿಯ ಪಕ್ಕ ಇಟ್ಟಳು, ಬೆಳ್ಳಗಾಯಿತು. "ಪಕ್ಕದಾಗೆ ಯಾವ್ದೈತೆ ಅಂತ ನೋಡ್ಕಂಡು ಇಡಬೇಕು" ಎಂದಳು. ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಯುತ್ತಾ, ಕಡುವಿನ ಪಕ್ಕ ತಿಳಿ, ತಿಳಿಯ ಪಕ್ಕ ಕಡು ಇಡುತ್ತಾ ಬರಬೇಕು, ನಟ್ಟನಡುವೆ ಎಲ್ಲಕ್ಕಿಂತ ಬೆಳ್ಳಗಿನದು ಬರಬೇಕು ಎಂಬುದು ಅವಳ ಲೆಕ್ಕ. ಹೊದ್ದವರ ಎದೆಯ ಮೇಲೆ ಬರುವ ಜಾಗ ಅದು.

ಕೌದಿ ಅರ್ಧವಾಗುವ ಮೊದಲೇ ಅಪ್ಪ ಇನ್ನೊಂದು ಮದುವೆಯಾದರು. ಚಿಕ್ಕಮ್ಮ ಪಾವಗಡದ ಕಡೆಯ ರಾಯಚರ್ಲಿನವಳು, ಹೆಸರು ನಾಗಮ್ಮ. ಹದಿನಾರು ತುಂಬಿತ್ತೋ ಇಲ್ಲವೋ. ಮಾತಿನಲ್ಲಿ ಅರ್ಧ ತೆಲುಗು. ಅತ್ತೆ ಅವಳೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಚಿಕ್ಕಮ್ಮ ಬಾಗಿಲ ಮರೆಯಲ್ಲಿ ನಿಂತು ನಾವು ಹೊಲಿಯುವುದನ್ನು ನೋಡುತ್ತಿದ್ದಳು. ಒಮ್ಮೆ ಅತ್ತೆ ಹಿತ್ತಲಿಗೆ ಹೋದಾಗ ಹತ್ತಿರ ಬಂದು ಬಟ್ಟೆ ಮುಟ್ಟಿದಳು. "ಯಾರ್ದು?" ಎಂದಳು. "ಅಮ್ಮಂದು" ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡಳು.

ನಡುವಿಗೆ ಬರುವ ಹೊತ್ತಿಗೆ ಬೆಳಕಿನ ಚೂರುಗಳು ಮುಗಿದುಹೋದವು. ಅಮ್ಮನಲ್ಲಿದ್ದವು ಹೆಚ್ಚಾಗಿ ಕೊಳೆ ಕಾಣದ ಕಡುಬಣ್ಣದ ಸೀರೆಗಳು. ಅಷ್ಟರಲ್ಲಿ ಅತ್ತೆಯ ಕಣ್ಣು ಪೂರ್ತಿ ಮಂಜಾಗಿತ್ತು. ನಾನು ಕೊಟ್ಟದ್ದನ್ನು ಹೊಲಿಯುತ್ತಿದ್ದಳು. ನಾನು ಸುಮ್ಮನೆ ಕಡು ಚೂರುಗಳನ್ನೇ ಕೊಡುತ್ತಾ ಹೋದೆ. ಕೌದಿಯ ನಡುವೆ ದೊಡ್ಡದೊಂದು ಕಪ್ಪು ಬೆಳೆಯುತ್ತಿತ್ತು. ನನಗೆ ಕಾಣುತ್ತಿತ್ತು, ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಹೇಗಿದ್ದರೂ ಒಂದೇ ಎನ್ನಿಸಿತ್ತು.

ಒಂದು ಮಧ್ಯಾಹ್ನ ಚಿಕ್ಕಮ್ಮ ಒಳಗಿಂದ ತನ್ನ ಧಾರೆ ಸೀರೆ ಹಿಡಿದು ಬಂದಳು. ಕೆನೆಬಿಳುಪಿನ ಹೊಸ ಸೀರೆ, ಅರಿಶಿನದ ಕಲೆ ಇನ್ನೂ ಹೋಗಿರಲಿಲ್ಲ. ನಮ್ಮ ಮುಂದೆ ಕೂತು ಸೆರಗನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು. ಅತ್ತೆಗೆ ಕೊಡಲು ಹಿಡಿದಿದ್ದ ಕಡು ಚೂರನ್ನು ನಾನು ಗುಡ್ಡೆಗೆ ವಾಪಸು ಹಾಕಿದೆ. "ವದಿನಾ," ಎಂದಳು. ಅವರ ಕಡೆ ಗಂಡನ ಅಕ್ಕನನ್ನು ಹಾಗೆ ಕರೆಯುತ್ತಾರೆ. "ನಡುಮಧ್ಯ ಎಲ್ಲಾ ಕಪ್ಪಾಗೈತೆ. ಬಿಚ್ಚಿ ಇದು ಹಾಕ್ರಿ."

ಅತ್ತೆ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಉಜ್ಜಿ ನೋಡಿದಳು. ಗಂಜಿ ಹೋಗದ ಹೊಸಬಟ್ಟೆ, ಯಾರದೆಂದು ಗೊತ್ತಾಗಿರಬೇಕು. ನನ್ನ ಕಡೆ ತಿರುಗಿದಳು. "ಕಪ್ಪಾಗಿತ್ತೇನೆ?" ನಾನು ಹೂಂ ಎಂದೆ. ಬಯ್ಯಲಿಲ್ಲ. ಅತ್ತೆ ಸೂಜಿಯನ್ನು ಚಿಕ್ಕಮ್ಮನ ಕಡೆ ಚಾಚಿ, "ದಾರ ಪೋಣಿಸು ನಾಗಮ್ಮ, ನಂಗೆ ಕಾಣಾಕಿಲ್ಲ" ಎಂದಳು. ಬಂದ ಐದು ತಿಂಗಳಲ್ಲಿ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆ ಕೌದಿಯಲ್ಲಿ ನಾನೂ ಚಿಕ್ಕಮ್ಮನೂ ಎರಡು ಚಳಿಗಾಲ ಒಟ್ಟಿಗೆ ಮಲಗಿದೆವು. ಮೂರನೆಯ ವರ್ಷ ಊರಿಗೆ ಜ್ವರ ಬಂತು. ಚಿಕ್ಕಮ್ಮ ನಾಲ್ಕೇ ದಿನ ಮಲಗಿದ್ದು. ನಡುಗುತ್ತಿದ್ದಳೆಂದು ಕೌದಿ ಹೊದಿಸಿದ್ದೆ. ಹೆಣ ಎತ್ತುವಾಗ ಅಪ್ಪ ನನ್ನ ಮುಖ ನೋಡಿ, "ಇದು ನಿಮ್ಮಮ್ಮಂದು, ತೆಗೆದಿಡ್ಲಾ?" ಎಂದರು. "ಇರ್ಲಿ ಬುಡಪ್ಪ" ಎಂದೆ. ಆಗಲೂ ನಾನು ಅಳಲಿಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತೆ, "ಏನು ಹೊದಿಸಿ ಕಳಿಸಿದ್ರಿ ಅವಳ್ನ?" ಎಂದು ಕೇಳಿದಳು. ಹೇಳಿದೆ. "ಸರಿ" ಎಂದಳು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಕೌದಿ ಹೊಲಿಯಲಿಲ್ಲ. ಅತ್ತೆ ಇನ್ನೂ ಆರು ವರ್ಷ ಬದುಕಿದ್ದಳು. ಹಗಲೆಲ್ಲಾ ಜಗಲಿಯ ಬಿಸಿಲಿನಲ್ಲಿ ಬರಿಗೈಯಲ್ಲಿ ಕೂತಿರುತ್ತಿದ್ದಳು. ಮಾತಾಡಿಸಿದರೆ ಮಾತಾಡುತ್ತಿದ್ದಳು. ಹೆಬ್ಬೆರಳೂ ತೋರುಬೆರಳೂ ಮಾತ್ರ ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು.