ತಂತಿಯನ್ನು ನಂಬದ ಮಷೀನ್ ಅಣ್ಣ

ಹೊಸೂರಿನ ಬಸ್ ಸ್ಟ್ಯಾಂಡಿನ ಹಿಂದುಗಡೆ ಒಂದು ಸಣ್ಣ ಲೇತ್ ಅಂಗಡಿ ಇದೆ. ಮೊನ್ನೆ ತರಕಾರಿಗೆಂದು ಹೋದವಳು ಅದರ ಮುಂದೆ ಹಾಗೇ ನಿಂತುಬಿಟ್ಟೆ. ಕೊರೆಯುವ ಕಬ್ಬಿಣದ ಮೇಲೆ ಸುರಿಯುವ ಕೂಲೆಂಟಿನ ವಾಸನೆ... ಹಾಲಿನ ಬಣ್ಣದ ಆ ಎಣ್ಣೆನೀರು ಹಳತಾದರೆ ಹುಳಿಹುಳಿ ನಾರುತ್ತದೆ. ಜನ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು, ನಾನು ಉಸಿರೆಳೆದುಕೊಂಡು ನಿಂತಿದ್ದೆ. ನಮ್ಮ ಮಷೀನ್ ಅಣ್ಣನ ಖಾಕಿ ಅಂಗಿ ಹೀಗೇ ನಾರುತ್ತಿತ್ತು.

ಎಂಬತ್ತರ ದಶಕದ ನಡುಭಾಗ. ಊರಾಚೆಯ ಒಂದು ಕಾರ್ಖಾನೆಯಲ್ಲಿ ನನಗೆ ಟೇಪ್ ಹೊಡೆಯುವ ಕೆಲಸ. ಮಿಲ್ಲಿಂಗ್ ಮಷೀನು ಎಲ್ಲಿ ಎಷ್ಟು ಕೊರೆಯಬೇಕೆಂಬುದನ್ನೆಲ್ಲ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಹೊಡೆದು ಕೆಳಗೆ ಕಳಿಸುವುದು. ಆ ಮಷೀನು ನಡೆಸುತ್ತಿದ್ದ ಅಣ್ಣ ಹತ್ತಿರದ ತಳಿ ಎಂಬ ಊರಿನ ಕಡೆಯವರು. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಕ್ಯಾಂಟೀನಿನ ಬೋಂಡಾವನ್ನು ಮುರಿದು ಒಳಗೆ ಇಣುಕದೆ ಬಾಯಿಗಿಡುತ್ತಿರಲಿಲ್ಲ. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಉದ್ದಕ್ಕೂ ಬೆರಳಾಡಿಸಿ, ಎಲ್ಲೂ ಹರಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮಷೀನಿಗೆ ತೊಡಿಸುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಮಹಡಿಯ ಮೇಲಿನ ನನ್ನ ಕೋಣೆಯಿಂದ ಕೆಳಗಿನ ಮಷೀನಿನವರೆಗೆ ಒಂದು ತಂತಿ ಎಳೆದರು. ಇಲ್ಲಿ ನಾನು ಫೈಲ್ ಕಳಿಸಿದರೆ ಅಲ್ಲಿ ಅದು ಮಷೀನಿನ ಹೊಟ್ಟೆಗೆ ಇಳಿಯುತ್ತಿತ್ತು. ಯಾರು ಕಳಿಸಿದರೂ ಸರಿಯೇ, ಮಷೀನು ಹೆಸರು ಕೇಳುವುದಿಲ್ಲ, ಗುರುತು ಕೇಳುವುದಿಲ್ಲ. ಅಣ್ಣನ ನಿದ್ದೆ ಹಾರಿಹೋಯಿತು.

"ಯಾರ್ ಕಳಿಸ್ತಾವ್ರೆ ಅಂತ ಇದು ಕೇಳಾಕಿಲ್ವಾ ಅಮ್ಮಣ್ಣಿ?"

"ಇಲ್ಲ ಅಣ್ಣಾ."

"ಥೂ! ನಮ್ಮನೆ ನಾಯಿನೇ ವಾಸಿ. ಗುರ್ ಅಂತಾದ್ರೂ ಅಂತದೆ."

ಅಲ್ಲಿಂದ ಅವರದೇ ಒಂದು ಕಾನೂನು ಶುರುವಾಯಿತು. ಪ್ರತಿ ಸಲ ನಾನು ಇಂಟರ್‌ಕಾಮಿನಲ್ಲಿ ಕರೆದು, "ಅಣ್ಣಾ, ನಾನೇ ಕಳಿಸ್ತಿದ್ದೀನಿ" ಎನ್ನಬೇಕು. ಅದನ್ನು ಕೇಳಿದ ಮೇಲೆಯೇ ಮಷೀನು ಚಾಲೂ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯ ನನ್ನನ್ನೇ ಅನುಮಾನಿಸುತ್ತಿದ್ದಾರಾ? ಆಗ ಕಾರ್ಖಾನೆಯ ಗಾಳಿಯೇ ಹಾಗಿತ್ತು ಬಿಡಿ. ಹೊಸ ಮಷೀನನ್ನು ಬೇಕೆಂದೇ ಕೆಡಿಸುತ್ತಾರೆ ಎಂದು ಮೇಲಿನವರಿಗೆ ಗುಮಾನಿ, ನಮ್ಮನ್ನು ಮನೆಗೆ ಕಳಿಸಲೆಂದೇ ಕಂಪ್ಯೂಟರ್ ತಂದಿದ್ದಾರೆ ಎಂದು ಕೆಳಗಿನವರಿಗೆ ಗುಮಾನಿ. ತಂತಿಯ ತುದಿಯಲ್ಲಿ ಕೂತ ನನ್ನನ್ನು ಎರಡೂ ಕಡೆಯವರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನಗೆ ಮೈಮೇಲೆ ಅಮ್ಮ ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಮುಂದಿನದು ಕ್ಯಾಂಟೀನಿನಲ್ಲಿ ಕೇಳಿ ತಿಳಿದದ್ದು. ಅವತ್ತು ಮದ್ರಾಸಿನ ಇಂಜಿನಿಯರೊಬ್ಬರು ತಾವೇ ಫೈಲ್ ಕಳಿಸಿದರಂತೆ. ಸಂಜೆಯೊಳಗೆ ಆ ಕೆಲಸ ಲಾರಿ ಹತ್ತಬೇಕಿತ್ತು. ಅಣ್ಣ ಮಾತ್ರ ಕೈಕಟ್ಟಿ ನಿಂತುಬಿಟ್ಟರು. ಇಂಜಿನಿಯರು ದಡದಡ ಇಳಿದು ಬಂದು, "ಯೋವ್, ಸ್ಟಾರ್ಟ್ ಪಣ್ಣುಯ್ಯಾ!" ಎಂದು ಕೂಗಾಡಿದರು.

"ಅಮ್ಮಣ್ಣಿ ಹೇಳ್ಲಿ, ಒತ್ತೀನಿ."

ಆ ಹುಡುಗಿ ರಜೆಯಲ್ಲಿದ್ದಾಳೆ ಎಂದರು.

"ಹಂಗಾರೆ ಬರೋಗಂಟ ಕಾಯಾನ ಸಾಮಿ."

ಇಂಜಿನಿಯರು ಅವರನ್ನು ಪಕ್ಕಕ್ಕೆ ತಳ್ಳಿ ತಾವೇ ಬಟನ್ ಒತ್ತಿದರು.

ಟೂಲ್ ಮುರಿದು ಹಾರಿತು, ಅಣ್ಣನ ಅನುಮಾನವೇ ನಿಜವಾಯಿತು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಕೆಲಸ ಕೂದಲೆಳೆಯ ವ್ಯತ್ಯಾಸವಿಲ್ಲದೆ ಅಚ್ಚುಕಟ್ಟಾಗಿ ಬಂತು. ಅದೇ ಅವರಿಗೆ ಮುಳುವಾಯಿತು. ಬೇಕೆಂದೇ ಕೆಲಸ ನಿಲ್ಲಿಸಿದ ಎಂದು ಮಷೀನಿನಿಂದ ಕಿತ್ತು ಗೇಟಿಗೆ ಹಾಕಿದರು. ಮನೆಗೆ ಹೋಗುವವರ ಬ್ಯಾಗು, ಟಿಫಿನ್ ಕ್ಯಾರಿಯರ್ ತೆಗೆಸಿ ನೋಡುವ ಕೆಲಸ. ಇವನಿಗೆ ಇದೇ ಸರಿ ಎಂದು ನಕ್ಕರಂತೆ, ಅವರ ಬಾಯಿಗಿಷ್ಟು ಮಣ್ಣು ಹಾಕ!

ಅಣ್ಣ ಯಾರ ಬ್ಯಾಗನ್ನೂ ನೋಡಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಎಲ್ಲರನ್ನೂ ಹಾಗೇ ಬಿಡುತ್ತಿದ್ದರು. ನನಗೆ ಭಯವಾಯಿತು. ಈ ಕೆಲಸವೂ ಹೋದರೆ ಮಕ್ಕಳಿಗೇನು ಗತಿ? ಒಂದು ಸಂಜೆ ನನ್ನ ಬ್ಯಾಗು ತೆರೆದು ಅವರ ಮುಂದೆ ಹಿಡಿದೆ.

"ನೋಡಿ ಅಣ್ಣಾ. ಮೇಲಿಂದ ನೋಡ್ತಾವ್ರೆ, ಇದನ್ನೂ ಕಿತ್ಕೊಂಬುಡ್ತಾರೆ."

ಅವರು ಮುಖ ತಿರುಗಿಸಿದರು. "ಮುಚ್ಚಮ್ಮಣ್ಣಿ. ತಂತಿಗೆ ಮುಖ ಇರ್ನಿಲ್ಲ, ಅದಕ್ಕೇ ಕೇಳ್ದೆ. ನಿಮ್ಗೆಲ್ಲ ಮುಖ ಐತಲ್ಲ."

ದೀಪಾವಳಿಗೆ ಮುಂಚೆ ಆ ಕೆಲಸವೂ ಹೋಯಿತು. ಯಾವುದೋ ಸಾಮಾನು ಕಳುವಾಗಿದೆ ಎಂದರು. ನಿಜಕ್ಕೂ ಕಳುವಾಗಿತ್ತೋ, ಅವರನ್ನು ಕಳಿಸಲೆಂದೇ ಹುಟ್ಟಿಸಿದ ಸುದ್ದಿಯೋ... ನನಗಂತೂ ಇವತ್ತಿಗೂ ಅನುಮಾನವೇ. ಅಣ್ಣ ಯಾರಿಗೂ ಹೇಳದೆ ತಳಿ ಬಸ್ ಹತ್ತಿ ಹೋದರು.

ಹೋದ ವರ್ಷ ಹೂವಿನ ಮಾರ್ಕೆಟ್ಟಿನಲ್ಲಿ ಅವರ ಮಗಳು ಸಿಕ್ಕಳು. "ಅಪ್ಪ ಹೋಗಿ ಬಾಳ ವರ್ಸ ಆಯ್ತಕ್ಕಾ" ಎಂದಳು. ಸೇವಂತಿಗೆ ಕೈಯಲ್ಲಿ ಹಿಡಿದು ನಡುಬೀದಿಯಲ್ಲಿ ಅತ್ತುಬಿಟ್ಟೆ.

ಈಗ ಪಿಂಚಣಿಗೂ ಬೆರಳೊತ್ತಬೇಕು, ಗ್ಯಾಸ್ ಸಿಲಿಂಡರಿಗೂ ಫೋನಿಗೆ ಬಂದ ನಂಬರ್ ಹೇಳಬೇಕು. ಹುಟ್ಟಿದ ಊರಿನಲ್ಲೇ ನಾನು ನಾನೇ ಎಂದು ಸಾಬೀತು ಮಾಡುತ್ತ ಕ್ಯೂನಲ್ಲಿ ನಿಲ್ಲುತ್ತೇನೆ. ನನ್ನ ದನಿಯೊಂದೇ ಸಾಕು ಎಂದಿದ್ದವರು ಅಣ್ಣ ಒಬ್ಬರೇ. ಒಂದು ದಿನ ಆ ದನಿ ಕೇಳಲಿಲ್ಲವೆಂದು ಅವರು ಅನ್ನ ಕಳೆದುಕೊಂಡರು.