ಬೆಸುಗೆ ಕೊಠಡಿಯ ಮಾಳಿಗೆ ಕಿತ್ತವಳು ನಾನೇ

ನೀವು ನಂಬುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಆನೆಯಿಂದಲೂ ಅಲುಗದ ಕಲ್ಲನ್ನು ಎತ್ತಿದಳೆಂದರೆ ನಮ್ಮ ಶಹಾಬಾದಿನಲ್ಲೇ ಯಾರೂ ನಂಬುವುದಿಲ್ಲ, ಇನ್ನು ನಿಮ್ಮದೇನು. ಸರಿ, ಆನೆಯನ್ನು ಬಿಡಿ. ಎತ್ತಲಿಲ್ಲ, ಹಾರೆ ಹಾಕಿ ಜರುಗಿಸಿದೆ. ಆದರೆ ಒಬ್ಬಳೇ!

ನಮ್ಮಣ್ಣ ಸಾಹುಕಾರರ ಕೊಠಡಿಯಲ್ಲಿ ಕಬ್ಬಿಣ ಬೆಸೆಯುತ್ತಿದ್ದ. ಹೋದ ಬೇಸಿಗೆಯಲ್ಲಿ ಬಂದದ್ದೆಲ್ಲ ಜಸ್ತ, ಅಂದರೆ ಸತು, ಬಳಿದ ತಗಡಿನ ನೀರಿನ ಟಾಂಕಿಗಳೇ. ಬೆಂಕಿ ತಗುಲಿದೊಡನೆ ಜಸ್ತದಿಂದ ಬಿಳಿ ಹೊಗೆ ಏಳುತ್ತಿತ್ತು, ಅರಳೆ ಹಿಂಜಿದ ಹಾಗೆ. ಹಿಡಿದು ತುಂಬಿದ್ದರೆ ಊರಿಗೆಲ್ಲ ಗಾದಿಯಾಗುತ್ತಿತ್ತು. ಸಂಜೆ ಅಣ್ಣನಿಗೆ ಚಳಿಜ್ವರ. ಕಂಬಳಿಯೊಳಗೆ ಅವನು ನಡುಗಿದರೆ ಗೋಡೆಯ ಮಾಡದಲ್ಲಿದ್ದ ತಾಟುಗಳು ಭಜನೆ ಶುರುಮಾಡುತ್ತಿದ್ದವು. ಬೆಳಗಾದರೆ ಜ್ವರ ಮಾಯ, ಇವನು ಕೆಲಸಕ್ಕೆ ಹಾಜರು. "ಬಿಸಲಿಗಿ ಹಿಂಗಾಗ್ಯಾದವ್ವ," ಎಂದು ಅವ್ವನಿಗೆ ಸುಳ್ಳು ಹೇಳುತ್ತಿದ್ದ. ಬುತ್ತಿ ಒಯ್ಯುತ್ತಿದ್ದ ನನಗೆ ನಿಜ ಗೊತ್ತಿತ್ತು. ಬರಬರುತ್ತ ಅವನು ನಮ್ಮ ಮನೆಯ ಮೆಟ್ಟಿಲಲ್ಲೂ ನಿಂತು ಉಸಿರು ಹುಡುಕುತ್ತಿದ್ದ.

ಸಾಹುಕಾರರು ಬಾಗಿಲು, ಕಿಟಕಿ ಎಲ್ಲ ಮುಚ್ಚಿಸಿದ್ದರು. ಪಕ್ಕದೂರು ವಾಡಿಯ ಅಂಗಡಿಯವರು ಇಣುಕಿ ನೋಡಿ ಬೆಸುಗೆಯ ವಿದ್ಯೆ ಕದ್ದುಬಿಡುತ್ತಾರಂತೆ! ಹೊಗೆಗೆ ಅವರ ಔಷಧ ದಿನಕ್ಕೊಂದು ಉಂಡೆ ಬೆಲ್ಲ. ತಿಂದರೆ ಎದೆಯ ಹೊಗೆ ಹೊಟ್ಟೆಗಿಳಿದು ಹೋಗುತ್ತದಂತೆ. ಬಾಯಿರುಚಿ ಕೆಟ್ಟ ಅಣ್ಣ ಅದನ್ನು ನನಗೆ ಕೊಡುತ್ತಿದ್ದ. ಅವನು ಕಡ್ಡಿಯಾದ, ನಾನು ಕುಂಬಳಕಾಯಿಯಾದೆ.

ನಮ್ಮೂರಿನಲ್ಲಿ ಮಾಳಿಗೆಗೂ ಹಾಸುಗಲ್ಲೇ. ಆದರೆ ಪ್ರತಿ ಅಡುಗೆಮನೆಯಲ್ಲೂ ಒಲೆಯ ಮೇಲೊಂದು ಬೆಳಕಿಂಡಿ ಬಿಟ್ಟಿರುತ್ತಾರೆ; ಹೊಗೆ ನೆಟ್ಟಗೆ ಆಕಾಶಕ್ಕೆ. ಬೇಳೆಸಾರಿಗೆ ಇರುವ ಮರ್ಯಾದೆ ನಮ್ಮಣ್ಣನಿಗಿಲ್ಲವೇ? ಒಂದು ಮಧ್ಯಾಹ್ನ ಬುತ್ತಿ ಇಟ್ಟವಳೇ ಹಾರೆ ಹಿಡಿದು ಏಣಿ ಹತ್ತಿದೆ. "ಗ್ವಾಡಿಗಿ ಸರೀರಿ ಎಲ್ಲಾರೂ!" ಎಂದು ಕೂಗಿ, ಕೆಳಗಿದ್ದವರು ಗೋಡೆಗೆ ಸರಿದ ಮೇಲೆ ಒಂದು ಕಲ್ಲನ್ನು ಜರುಗಿಸಿದೆ. ಹೊಗೆ ಬುಸ್ಸೆಂದು ಹೊರಟಿತು. ಚಿತ್ತಾಪುರದವರು ರೈಲು ಬಂತೆಂದು ಗಂಟು ಎತ್ತಿಕೊಂಡಿರಬೇಕು.

ಸಾಹುಕಾರರು ಅಂಗಳಕ್ಕೆ ಓಡಿಬಂದರು.

"ಏ ಪೋರಿ! ಕಲ್ಲ ಮುಚ್ಚು! ಇಳಿ ಕೆಳಗ!"

"ಇಳಿಯಂಗಿಲ್ರಿ. ಬೇಕಂದ್ರ ನೀವು ಹತ್ತಿ ಬರ್ರಿ."

ಅವರ ಹೊಟ್ಟೆಯನ್ನು ಹೊರುವ ಏಣಿ ನಿಜಾಮರ ರಾಜ್ಯದಲ್ಲೇ ಇರಲಿಲ್ಲ. ನನ್ನನ್ನು ಇಳಿಸಲು ಆಳುಗಳಿಗೆ ಹೇಳಿದರು. ಬೇರೆಯವರ ಮನೆಯ ಹುಡುಗಿಯ ಕೈಹಿಡಿದು ಎಳೆಯುವವರು ಯಾರು? ಎಲ್ಲರೂ ಏಣಿಯ ಕಾಲು ನೋಡುತ್ತ ನಿಂತರು. ನಾನು ಕಿಂಡಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತೆ.

"ನಿಮ್ಮಣ್ಣಗ ದಿನಾ ಬೆಲ್ಲ ಕೊಡ್ಲಾಕತ್ತೀನಲ್ಲ!"

"ಅದು ನಾ ತಿಂದೀನ್ರಿ. ಭಾಳ ಚಲೋ ಆದ. ನೋಡ್ರಿ, ನನಗ ಜರಾನೂ ಕೆಮ್ಮಿಲ್ಲ!"

ಆಳುಗಳು ಕಿಸಕ್ಕೆಂದರು. ಅಣ್ಣ ಕೆಳಗಿನಿಂದ ನನ್ನತ್ತ ಮುಖವೆತ್ತಿ, "ನನ್ನ ನೌಕ್ರಿ ಹೋಗ್ತದ, ನನ್ನವ್ವಾ," ಎಂದ. ಹೇಳುತ್ತಲೇ ಕೆಮ್ಮಿದ.

"ನೌಕ್ರಿ ಹೋದ್ರ ಹೋಗ್ಲಿ. ನೀ ಹೋಗಬ್ಯಾಡ," ಎಂದೆ.

ಸಾಹುಕಾರರು ಅಣ್ಣನನ್ನು ಮತ್ತೆ ಬೆಸುಗೆಗೆ ಕೂರಿಸಿ, ಅವ್ವ ಕೆಲಸ ಮಾಡುವ ಕಲ್ಲಿನ ಗಣಿಗೆ ಆಳು ಕಳಿಸಿ ಅವಳನ್ನು ಕರೆಸಿದರು. ಅವಳು ಮೈಯ ಧೂಳನ್ನೂ ಕೊಡವದೆ ಏಣಿ ಹತ್ತಿಬಂದಳು. ಏಟಿಗೆ ಕೆನ್ನೆ ಸಿದ್ಧಮಾಡಿ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಅವ್ವ ಕಿಂಡಿಗೆ ಬಗ್ಗಿದ್ದಳು. ಹೊಗೆ ಮುಖಕ್ಕೆ ಹೊಡೆದದ್ದೇ ಮೂಗಿಗೆ ಸೆರಗು ಮುಚ್ಚಿಕೊಂಡಳು. ಕೆಳಗೆ ಅಣ್ಣ, ಮೂಗಿನವರೆಗೆ ಬಿಳಿ ಹೊಗೆಯಲ್ಲಿ.

"ದಿನಾ ಹಿಂಗೇ ಏನು?"

"ಹ್ಞೂಂ."

ಅವ್ವ ಕಿಂಡಿಯೊಳಗೆ ಕೂಗಿದಳು: "ಕೈಯಾಗಿಂದು ಕೆಳಗಿಡು. ಮನಿಗಿ ನಡಿ."

"ಟಾಂಕಿ ಅರ್ಧ ಆಗ್ಯಾದ, ಬಾಯಿ!" ಸಾಹುಕಾರರು ಕೈ ಮೇಲೆತ್ತಿದರು. "ಕಿಂಡಿ ಬೇಕಂದ್ರ ಇರ್ಲಿ!"

"ಇರ್ಲಿ, ಚಲೋನೇ ಆಯ್ತು. ಟಾಂಕಿ ಬೆಸಿಯೋ ಕೆಲಸ ಅಂಗಳಕ್ಕ ಬಂದ ದಿನಾ ನನ್ನ ಮಗಾ ಬರ್ತಾನ."

ನನ್ನ ಕಿವಿ ಹಿಡಿದೇ ಏಣಿ ಇಳಿಸಿದಳು. ಅಣ್ಣ ಆಗಲೇ ಕಪ್ಪು ಕನ್ನಡಕ ಬಿಚ್ಚಿ ಹೊರಗೆ ನಿಂತಿದ್ದ.